ಶ್ರೀಲಂಕಾದಲ್ಲಿ ವವುನಿಯಾದಿಂದ ಜಾಫ್ನಾಗೆ ಬಸ್ಸಲ್ಲಿ ಅಪ್ಪನ್ನ ಕರ್ಕೊಂಡು ಹೋಗ್ಬೇಕು, ಯಾರಾದ್ರೂ ಹೋಗಿದ್ದೀರಾ?

ಅರಸೀಕೆರೆ ಹುಡುಗಿ:

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ ಕ್ಷಮಿಸಿ, ಅರ್ಧಂಬರ್ಧ ಕೇಳಿದ್ರೆ ಉತ್ತರಾನೂ ಅರ್ಧಂಬರ್ಧ ಸಿಗತ್ತೆ ಅಂತ ಪೂರ್ತಿ ಬರೀತಿದೀನಿ.

ನಮ್ಮಪ್ಪಂಗೆ ಈಗ 63. ಮಿಲಿಟರೀಲಿ ಸಿಗ್ನಲ್ಸ್‌ನಲ್ಲಿದ್ರು, ಹವಾಲ್ದಾರ್ ಆಗಿ ರಿಟೈರ್ ಆದ್ರು. 1987ರಲ್ಲಿ ರಾಜೀವ್ ಗಾಂಧಿ ಮತ್ತೆ ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಒಪ್ಪಂದ ಆಯ್ತಲ್ಲ, ಆಗ ಶಾಂತಿಪಾಲನಾ ಪಡೆ ಅಂತ ಜಾಫ್ನಾಗೆ ಕಳಿಸಿದವ್ರಲ್ಲಿ ಇವ್ರೂ ಒಬ್ರು. ಆಗ ಇನ್ನೂ 24 ವರ್ಷ, ಮದುವೆ ಕೂಡ ಆಗಿರ್ಲಿಲ್ಲ. ನಾವು ಚಿಕ್ಕೋರಿದ್ದಾಗ ಇದರ ಬಗ್ಗೆ ಒಂದು ಮಾತೂ ಆಡಿದ್ದಿಲ್ಲ, ನಮಗೆ ಗೊತ್ತಿದ್ದಿದ್ದು 1991ರಲ್ಲಿ ಬೆಂಗಳೂರಿನ ಕೋಣನಕುಂಟೆ ಮನೇಲಿ ರಾಜೀವ್ ಗಾಂಧಿ ಹತ್ಯೆ ಸಂಚಿನ ಶಿವರಾಸನ್ ಸತ್ತಿದ್ದು ಅಷ್ಟೇ, ಅದೂ ಮನೆಗೆ ಬರ್ತಿದ್ದ ದೊಡ್ಡೋರು ಮಾತಾಡ್ಕೊಳ್ತಿದ್ದಾಗ ಕಿವಿಗೆ ಬಿದ್ದಿದ್ದು.

ಈ ವರ್ಷ ಅಮ್ಮ ಹೋದ್ಮೇಲೆ ಅಪ್ಪ ಒಂದಿನ ರಾತ್ರಿ ಊಟ ಮಾಡ್ತಾ ಮಾಡ್ತಾ ಹೇಳಿದ್ರು, ಉರುಂಪಿರಾಯ್ ಅಂತ ಒಂದೂರು, ಅಲ್ಲಿ ಒಂದು ಮನೆ ಹಿತ್ತಲಲ್ಲಿ ಏತದ ಬಾವಿ ಇತ್ತಂತೆ, ಮೊದಮೊದಲು ಅಂದ್ರೆ ಆಗಸ್ಟ್ ಸೆಪ್ಟೆಂಬರಲ್ಲಿ ಜನ ಇವರಿಗೆ ಹಾರ ಹಾಕಿ ಕರೆದಿದ್ರಂತೆ, ಆ ಮನೆ ಅಜ್ಜಿ ದಿನಾ ನೀರು ಸೇದಿ ಚೊಂಬಲ್ಲಿ ಕೊಡ್ತಿದ್ರಂತೆ, ತಮಿಳಲ್ಲಿ ಏನೋ ಕೇಳೋರು, ಅಪ್ಪ ತನಗೆ ಬರೋ ಅಷ್ಟು ತಮಿಳಲ್ಲಿ ಉತ್ತರ ಹೇಳೋರು. ಅಕ್ಟೋಬರಲ್ಲಿ ಎಲ್‌ಟಿಟಿಇ ಅಂದ್ರೆ ತಮಿಳು ಹುಲಿಗಳ ಜೊತೆ ಯುದ್ಧ ಶುರುವಾಯ್ತು. ಆಮೇಲೆ ಆ ರಸ್ತೆಗೆ ಇವ್ರು ಹೋಗಿದ್ದು ಬೇರೆ ಥರಾನೇ. ಅಲ್ಲಿಗೆ ಮಾತು ನಿಲ್ಲಿಸಿ ಕೈ ತೊಳ್ಕೊಳ್ಳೋಕೆ ಎದ್ದು ಹೋದ್ರು. ಮಾರನೇ ದಿನ ಬೆಳಿಗ್ಗೆ "ಒಂದ್ಸಲ ಹೋಗ್ಬರೋಣ್ವಾ" ಅಂದ್ರು.

ನನ್ನ ಪ್ರಶ್ನೆ ಏನಂದ್ರೆ, ಚೆನ್ನೈಯಿಂದ ಜಾಫ್ನಾಗೆ ಈಗ ನೇರ ವಿಮಾನ ಇದೆ ಅಂತ ಗೊತ್ತು, ಆದ್ರೆ ಅಪ್ಪಂಗೆ ರಸ್ತೆ ಮೇಲೆ ಹೋಗ್ಬೇಕಂತೆ, ಊರು ನೋಡ್ಕೊಂಡು, ಬಸ್ಸಲ್ಲಿ. ದಾರಿ ಹೇಗಿದೆ, ಎಲ್ಲಿ ಇಳೀಬೇಕು, ಊಟ ತಿಂಡಿ (ನಾವು ಸಸ್ಯಾಹಾರಿಗಳು), ಇದೆಲ್ಲ ಬೇಕು. ಇದಕ್ಕಿಂತ ಮುಖ್ಯ, ಅಲ್ಲಿಯ ಜನ ಕೇಳಿದ್ರೆ ಅಪ್ಪ ಅವತ್ತು ಸೈನ್ಯದಲ್ಲಿ ಬಂದಿದ್ದವ್ರು ಅಂತ ಹೇಳ್ಬಹುದಾ, ಹೇಳ್ಬಾರ್ದಾ? ಆ ಮನೆ ಹುಡುಕೋದು ಸರೀನಾ? ನಂಗೆ ನಿಜವಾಗ್ಲೂ ಗೊತ್ತಾಗ್ತಿಲ್ಲ.

ಕಿಟಕಿ ಸೀಟು:

ಮೇಡಂ, ನಾನು 2023ರಲ್ಲಿ ಹೋಗಿದ್ದೆ, ಪೂರ್ತಿ ಬಸ್ಸಲ್ಲೇ. ಮೊದಲು ದಾರಿ ವಿಷ್ಯ ಹೇಳ್ಬಿಡ್ತೀನಿ.

ಕೊಲಂಬೊದಿಂದ ಜಾಫ್ನಾಗೆ ರಾತ್ರಿ ಬಸ್ ತುಂಬಾ ಇವೆ, ಎಸಿ, ಪುಷ್‌ಬ್ಯಾಕ್ ಎಲ್ಲಾ ಇರತ್ತೆ, ಆದ್ರೆ ಅದ್ರಲ್ಲಿ ಹೋಗ್ಬೇಡಿ. ಪರದೆ ಎಳೆದು ಮಲಗಿಸಿ ಬೆಳಗಾಗೋದ್ರೊಳಗೆ ಜಾಫ್ನಾದಲ್ಲಿ ಇಳಿಸ್ತಾರೆ, ನಿಮ್ಮಪ್ಪ ಏನು ನೋಡ್ಬೇಕು ಅಂತಿದಾರೋ ಅದೆಲ್ಲ ಕತ್ತಲಲ್ಲೇ ಹೋಗ್ಬಿಡತ್ತೆ. ಅನುರಾಧಪುರಕ್ಕೆ ಬಂದು ಒಂದು ರಾತ್ರಿ ಉಳ್ಕೊಳ್ಳಿ. ಬೆಳಿಗ್ಗೆ ಅಲ್ಲಿಂದ ವವುನಿಯಾಗೆ ಬಸ್, ಒಂದೂವರೆ ಗಂಟೆ. ವವುನಿಯಾ ಬಸ್ ಸ್ಟ್ಯಾಂಡಲ್ಲಿ ಶೌಚಕ್ಕೆ ಹೋಗಿ, ನೀರು ತುಂಬಿಸ್ಕೊಂಡು ಜಾಫ್ನಾ ಬಸ್ ಹತ್ತಿ. ಅಲ್ಲಿಂದ ಸುಮಾರು 140 ಕಿಲೋಮೀಟರ್, ನಮ್ಮ ಬಸ್ ಮೂರೂವರೆ ಗಂಟೆ ತಗೊಳ್ತು. ಎ9 ಅಂತಾರೆ ಆ ರಸ್ತೆಗೆ, ಕ್ಯಾಂಡಿಯಿಂದ ಜಾಫ್ನಾವರೆಗೂ ಹೋಗತ್ತೆ.

ಸರ್ಕಾರಿ ಬಸ್ಸು ಕೆಂಪು ಬಣ್ಣ, ನೋಡಿದ ತಕ್ಷಣ ಅಪ್ಪಂಗೆ ನಮ್ಮ ಹಳೇ ಕೆಂಪು ಬಸ್ಸೇ ಅನ್ಸತ್ತೆ, ಅಶೋಕ್ ಲೇಲ್ಯಾಂಡ್ ಗಾಡಿಗಳೇ ಜಾಸ್ತಿ. ಮುಂದಿನ ಸೀಟು ಖಾಲಿ ಇದ್ರೂ ಕೂರ್ಬೇಡಿ, ಅದು ಭಿಕ್ಷುಗಳಿಗೆ, ಪಾದ್ರಿಗಳಿಗೆ ಅಂತ ಮೀಸಲು. ಬೋರ್ಡು ಮೂರು ಭಾಷೇಲಿ ಇರತ್ತೆ. ಸಿಂಹಳ ಅಕ್ಷರ ದೂರದಿಂದ ನೋಡಿದ್ರೆ ನಮ್ಮ ಕನ್ನಡದ ಥರಾನೇ ಗುಂಡು ಗುಂಡು, ನಾನು ಮೊದಲ ದಿನ ಎರಡು ಮೂರು ಸಲ ಓದೋಕೆ ಹೋಗಿ ನಿಂತಿದ್ದೀನಿ. ಊರ ಹೆಸರುಗಳಂತೂ ಒಂದಾದ್ಮೇಲೆ ಒಂದು ಕುಳಂ, ಕುಳಂ, ಕುಳಂ. ಕುಳಂ ಅಂದ್ರೆ ಕೆರೆ. ಪುಳಿಯಂಕುಳಂ ಅಂದ್ರೆ ಹುಣಸೆಕೆರೆ, ನಿಮ್ಮ ಅರಸೀಕೆರೆ ಥರಾನೇ ನೋಡಿ. ಒಣ ಕಾಡು, ಕೆರೆ, ಗದ್ದೆ, ಮತ್ತೆ ಕಾಡು, ಬಯಲುಸೀಮೆಯವ್ರಿಗೆ ಹೊಸದು ಅನ್ನಿಸಲ್ಲ.

ಕಿಲಿನೊಚ್ಚಿಗೆ ಮುಂಚೆ ಮುರಿಕಂಡಿ ಅಂತ ಬರತ್ತೆ. ರಸ್ತೆ ಪಕ್ಕ ಸಣ್ಣ ಪಿಳ್ಳೈಯಾರ್ (ಗಣಪತಿ) ಗುಡಿ. ಎಲ್ಲಾ ಗಾಡಿಗಳೂ ಅಲ್ಲಿ ನಿಂತೇ ಮುಂದೆ ಹೋಗೋದು. ನಮ್ಮ ಡ್ರೈವರ್ ಇಳಿದು ಚಪ್ಪಲಿ ಬಿಟ್ಟು ಹುಂಡಿಗೆ ಕಾಸು ಹಾಕಿ ವಿಭೂತಿ ಇಟ್ಕೊಂಡು, ಒಂದು ಚಿಟಿಕೆ ಕಾಗದದಲ್ಲಿ ತಂದು ಸ್ಟೀರಿಂಗಿಗೂ ಹಚ್ಚಿದ್ರು. ಜನ ಇಳಿದು ಹುರಿದ ಕಡಲೇಕಾಯಿ ತಗೊಳ್ತಾರೆ, ಮುರಿಕಂಡಿ ಕಡಲೇಕಾಯಿ ಅಂದ್ರೆ ಆ ಕಡೆ ಫೇಮಸ್ಸು, ಕಚ್ಚಾನ್ ಅಂತಾರೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಪೊಟ್ಟಣ ನನ್ನ ಕಡೆ ಚಾಚಿ "ಎಡುಂಗೋ" (ತಗೊಳ್ಳಿ) ಅಂದ್ರು. ಜಾಫ್ನಾ ತಮಿಳಲ್ಲಿ ಹೀಗೆ, ವಾಂಗೋ, ಇರುಂಗೋ, ಎಡುಂಗೋ. ಹೌದು ಅನ್ನೋದಕ್ಕೆ "ಓಮ್" ಅಂತಾರೆ. ಬೆಂಗಳೂರಲ್ಲಿ ಕಲಿತ ನನ್ನ ತಮಿಳು ಅವ್ರಿಗೆ ಅರ್ಥ ಆಗ್ತಿತ್ತು, ಅವ್ರು ಜೋರಾಗಿ ಹೇಳಿದ್ರೆ ನಂಗೆ ಅರ್ಧ.

ಊಟಕ್ಕೆ "ಸೈವ ಕಡೈ" ಅಂತ ಕೇಳಿ, ಪೂರ್ತಿ ವೆಜ್ ಅದು. ದೋಸೆ, ಇಡಿಯಾಪ್ಪಂ, ಪುಟ್ಟು ಎಲ್ಲಾ ಸಿಗತ್ತೆ. ಬೇರೆ ಹೋಟೆಲಲ್ಲಿ ಕಾಯಿ ಸಂಬಾಲ್ ಕೊಟ್ರೆ ಹುಷಾರು, ಅದಕ್ಕೆ ಒಣಮೀನಿನ ಪುಡಿ ಹಾಕಿರ್ತಾರೆ, ನೋಡಿದ್ರೆ ಗೊತ್ತಾಗಲ್ಲ. ವೀಸಾ ನಿಯಮ ಮೇಲಿಂದ ಮೇಲೆ ಬದಲಾಗ್ತಿರತ್ತೆ, ಅದನ್ನ ಅವರ ಸರ್ಕಾರಿ ವೆಬ್‌ಸೈಟಲ್ಲೇ ನೋಡಿ.

ಅಪ್ಪನ ವಿಷ್ಯ. ನನ್ನ ಅಭಿಪ್ರಾಯ ಕೇಳಿದ್ರೆ ಹೇಳ್ಬೇಡಿ. ಸುಮ್ನೆ ಕರ್ನಾಟಕದಿಂದ ಬಂದಿದೀವಿ, ನಲ್ಲೂರು ಕಂದಸ್ವಾಮಿ ದೇವಸ್ಥಾನ ನೋಡೋಕೆ ಅಂದ್ಬಿಡಿ. ಅದು ಸುಳ್ಳೇನೂ ಆಗಲ್ಲ, ಜಾಫ್ನಾಗೆ ಹೋಗಿ ನಲ್ಲೂರಿಗೆ ಹೋಗ್ದೆ ಬರೋರು ಯಾರಿದಾರೆ. ಗಂಡಸರು ಅಲ್ಲಿ ಶರ್ಟ್ ತೆಗ್ದೇ ಒಳಗೆ ಹೋಗ್ಬೇಕು ಅಂತ ಅಪ್ಪಂಗೆ ಮೊದಲೇ ಹೇಳಿರಿ.

ಹುಬ್ಬಳ್ಳಿಯಂವ:

ತಂಗಿ, ನಾ 2012-13ರಾಗ ಒಂದೂವರೆ ವರ್ಷ ಅಲ್ಲೇ ಇದ್ದೆ. ಉತ್ತರದ ರೈಲ್ವೆ ಲೈನು ನಮ್ಮ ದೇಶದ ಇರ್ಕಾನ್ ಹೊಸದಾಗಿ ಹಾಕಿತಲ್ಲ, ಅದರಾಗ ಒಬ್ಬ ಸಬ್‌ಕಾಂಟ್ರಾಕ್ಟರ್ ಕೈಕೆಳಗ ಸೈಟ್ ಸೂಪರ್‌ವೈಸರ್. ಕಿಲಿನೊಚ್ಚಿಯೊಳಗ ರೂಮ್ ಇತ್ತು, ರಜಾ ಸಿಕ್ಕಾಗೆಲ್ಲಾ ಬಸ್ಸಿನ್ಯಾಗ ವವುನಿಯಾ ಇಲ್ಲಾ ಜಾಫ್ನಾ. ಅವರು ಹೇಳಿದ ರೋಡು ಈಗ ಚಲೋ ಆಗೇತಿ, ನಾ ನೋಡಿದಾಗ ಹಂಗಿರಲಿಲ್ಲ.

ಆಗ ಒಮಂದೈ ಅಂತ ವವುನಿಯಾ ದಾಟಿದ ಕೂಡಲೇ ಚೆಕ್‌ಪೋಸ್ಟ್ ಇತ್ತು. ಹುಲಿಗಳಿಗೂ ಲಂಕಾ ಸೈನ್ಯಕ್ಕೂ ನಡದ ಯುದ್ಧ 2009ರಾಗ ಮುಗದು ಮೂರು ವರ್ಷ ಆಗಿದ್ರೂ ಬಸ್ಸು ಅಲ್ಲಿ ನಿಲ್ಲತಿತ್ತು, ಮಂದಿ ಇಳದು ಗುರುತಿನ ಚೀಟಿ ತೋರಿಸಿ ಹೆಸರು ಬರೆಸಿ ಮತ್ತ ಹತ್ತಬೇಕು. ಯಾರೂ ಮಾತಾಡತಿರಲಿಲ್ಲ. ಅಲ್ಲಿತನಕ ಸಿನಿಮಾ ಹಾಡು ಜೋರು ಹಚ್ಚಿದ ಡ್ರೈವರ್ ಒಮಂದೈ ಬಂತು ಅಂದ್ರ ತಾನಾಗೇ ಬಂದ್ ಮಾಡತಿದ್ದ, ದಾಟಿ ಒಂದೆರಡು ಕಿಲೋಮೀಟರ್ ಆದಮ್ಯಾಲೆ ಮತ್ತ ಹಚ್ಚತಿದ್ದ. ಆ ಚೆಕ್‌ಪೋಸ್ಟ್ 2015ರಾಗ ತಗದ್ರು.

ಕಿಲಿನೊಚ್ಚಿ ಅಂದ್ರ ಹುಲಿಗಳ ರಾಜಧಾನಿ ಇದ್ದಂಗ ಇತ್ತು, 2009ರ ಜನವರಿ 2ಕ್ಕ ಸೈನ್ಯ ಅದನ್ನ ಹಿಡೀತು. ಹಿಂದ ಸರಿಯೋ ಮುಂದ ಹುಲಿಗಳು ಊರಿನ ನೀರಿನ ಟ್ಯಾಂಕ್ ಉರುಳಿಸಿ ಹೋಗಿದ್ರು. ನಾ ಇದ್ದಾಗ ಅದು ರೋಡಿನ ಬಾಜೂಕೇ ಅಡ್ಡ ಬಿದ್ದಿತ್ತು, ದಕ್ಷಿಣದಿಂದ ಬಸ್ ಮಾಡಿಕೊಂಡು ಬಂದ ಮಂದಿ ಅದರ ಮುಂದ ನಿಂತು ಫೋಟೊ ಹೊಡಸ್ಕೋತಿದ್ರು. ನನ್ನ ಜೋಡಿ ಕೆಲಸಾ ಮಾಡೋ ಹುಡುಗ, ಅದೇ ಊರಿನವ, ಆ ಟ್ಯಾಂಕ್ ಬಂದಾಗ ಪ್ರತಿ ಸಲ ಮುಖ ಆ ಕಡೆ ತಿರುಗಿಸಿ ಕೂಡತಿದ್ದ. ಅವನ ಮನಿಗೆ ಅದೇ ಟ್ಯಾಂಕಿನ ನೀರು ಬರತಿತ್ತು. ಇನ್ನೊಂದು ಸ್ಮಾರಕ ಐತಿ, ದೊಡ್ಡ ಕಾಂಕ್ರೀಟ್ ಗ್ವಾಡಿಯಂಥಾದ್ದಕ್ಕ ಗುಂಡು ಹೊಕ್ಕಂಗ ಮಾಡಿ ಮ್ಯಾಲೆ ಕಮಲ ಅರಳಿಸ್ಯಾರ. ಅದು ಗೆದ್ದವರ ಸ್ಮಾರಕ ತಂಗಿ. ಸೋತವರ ಕಡಿ ಸತ್ತ ಹುಡುಗರ ಗೋರಿಗಳು ಕನಗಪುರಂದಾಗ ಇದ್ದವು, ಅವನ್ನ ಬುಲ್ಡೋಜರ್ ಹಚ್ಚಿ ನೆಲಸಮ ಮಾಡ್ಯಾರ. ಹಡೆದವರಿಗೆ ಹೂವ ಇಡಾಕ ಒಂದು ಕಲ್ಲೂ ಉಳೀಲಿಲ್ಲ. ಆ ಹುಡುಗರು ಮಾಡಿದ್ದು ಸರಿ ತಪ್ಪು ಅನ್ನೋದು ಬ್ಯಾರೆ ಮಾತು, ಗೋರಿ ಕೆಡವಬಾರದಿತ್ತು.

ರೈಲ್ವೆ ಕೆಲಸದಾಗ ನಮಗ ಮೊದಲ ತೊಂದರಿ ಏನಂದ್ರ ಹಳೇ ಹಳಿ ಅನ್ನೋದೇ ಇರಲಿಲ್ಲ. ಯುದ್ಧದಾಗ ಹಳಿ, ಸ್ಲೀಪರ್ ಎಲ್ಲಾ ಕಿತ್ತು ಬಂಕರ್ ಕಟ್ಟಾಕ ಒಯ್ದಿದ್ರು. ನೆಲದಾಗ ಮೈನ್ಸ್. ಅದನ್ನ ತಗಿಯೋವರು ಸೈ ಅಂದಮ್ಯಾಲೆ ನಮ್ಮ ಕಾಲು ಮುಂದ. 1990ರಾಗ ನಿಂತ ಜಾಫ್ನಾ ರೈಲು 2014ರ ಅಕ್ಟೋಬರ್ 13ಕ್ಕ ಮತ್ತ ಹೋತು, ಅಷ್ಟೊತ್ತಿಗೆ ನಾ ಊರಿಗೆ ಬಂದಿದ್ದೆ, ಟೀವಿಯಾಗ ನೋಡಿ ಕಣ್ಣಾಗ ನೀರು ಬಂತು.

ಆನೆಯಿರವು ಬಂದಾಗ ಅಪ್ಪಾರನ್ನ ಎಬ್ಬಿಸ್ರಿ. ಎಲಿಫೆಂಟ್ ಪಾಸ್ ಅಂತಾರಲ್ಲ ಅದೇ. ಎರಡೂ ಕಡೆ ಹಿನ್ನೀರು, ನಡುವ ಸಣ್ಣ ದಾರಿ, ಗಾಳಿ ಹೆಂಗ ಬೀಸತೈತಿ ಅಂದ್ರ ಕಿಟಕಿ ಮುಚ್ಚಬೇಕು. ಅದನ್ನ ದಾಟಿದ್ರ ಜಾಫ್ನಾ ಸೀಮಿ. 2000ದಾಗ ಹುಲಿಗಳು ಹಿಡಿದ್ರು, 2009ರಾಗ ಸೈನ್ಯ ವಾಪಸ್ ತಗೊಂಡಿತು. ಅದರ ಮುಂದ ಪಲೈ, ಮುಹಮಾಲೈ. ಮುಹಮಾಲೈದಾಗ ವರ್ಷಗಟ್ಟಲೆ ಎರಡೂ ಕಡಿಯವರು ಎದುರಾಬದರ ಕುಂತಿದ್ರು, ಅಲ್ಲೇ ಮೈನ್ಸ್ ಭಾಳ. ಅಲ್ಲಿಯ ತಾಳಿ ಮರಕ್ಕ ತಲಿ ಇಲ್ಲ. ಶೆಲ್ ಬಡದು ಮ್ಯಾಲಿನ ಗರಿ ಎಲ್ಲಾ ಹೋಗಿ ಬರೇ ಕಂಬ ನಿಂತಾವು, ಸಾಲಕ್ಕ ಸಾಲು.

ಒಂದಿನ ಬಸ್ಸು ಪಂಕ್ಚರ್ ಆಗಿ ಅಲ್ಲೇ ನಿಂತಿತ್ತು. ರೋಡ್ ಬಿಟ್ಟು ಒಂದು ಹೆಜ್ಜಿ ಇಡಬ್ಯಾಡ್ರಿ ಅಂತ ಕಂಡಕ್ಟರ್ ಎಲ್ಲಾರಿಗೂ ಹೇಳಿದ. ಕೆಂಪು ಬೋರ್ಡು, ತಲಿಬುರಡಿ ಚಿತ್ರ. ಅದರ ಆಚೆ ಹೆಣ್ಣುಮಕ್ಕಳು, ಮುಖಕ್ಕ ಪ್ಲಾಸ್ಟಿಕ್ ಗುರಾಣಿ, ಮೈಗೆ ದಪ್ಪ ಏಪ್ರನ್, ಒಂದು ಮೀಟರ್ ಅಗಲದ ಪಟ್ಟಿ ಹಾಕ್ಕೊಂಡು ಮಣ್ಣು ಕೆದರಕೋತ ಕುಂತಿದ್ರು. ಉದ್ದ ಹಿಡಿಕಿ ಇದ್ದ ಕುಂಟಿಯಂಥಾದ್ದು ಒಬ್ಬಾಕಿ ಕೈಯಾಗ. ಹೊಲದಾಗ ಕಸ ತಗಿಯೋ ನಮ್ಮ ಹೆಣ್ಣುಮಕ್ಕಳು ಹೆಂಗ ಕೂಡತಾರ, ಥೇಟ್ ಹಂಗ. ಹಾಲೋ ಟ್ರಸ್ಟ್ ಅನ್ನೋ ಸಂಸ್ಥಾದವರು ಅವರು, ಅದರಾಗ ಎಷ್ಟೋ ಮಂದಿ ಯುದ್ಧದಾಗ ಗಂಡನ್ನ ಕಳಕೊಂಡವರು, ಮನಿ ಅವರ ದುಡಿಮಿ ಮ್ಯಾಲೆ. ನಾವು ಟೈರ್ ಬದಲಿ ಮಾಡಿ ಹೊಂಡೋತನಕ ಅಂದ್ರ ಮುಕ್ಕಾಲು ತಾಸಿನ್ಯಾಗ ಆಕಿ ಮುಂದ ಹೋಗಿದ್ದು ಒಂದು ಗೇಣು ಇರಬಹುದು.

ಅಪ್ಪಾರ ಬಗ್ಗೆ, ಮ್ಯಾಲಿನವರು ಹೇಳಬ್ಯಾಡ್ರಿ ಅಂದಾರ. ನಾ ಹೇಳೋದು, ನೀವಾಗೇ ಹೇಳಾಕ ಹೋಗಬ್ಯಾಡ್ರಿ, ಕೇಳಿದ್ರ ಮಾತ್ರ ಸುಳ್ಳು ಹೇಳಬ್ಯಾಡ್ರಿ. ನಾ ಇಂಡಿಯಾದವ ಅಂದಾಗ ಒಬ್ಬ ಮುದುಕ ಕೈ ಹಿಡದು ರೈಲು ತಂದೀರಿ ಅಂದ, ಅದೇ ವಾರ ಇನ್ನೊಬ್ಬಾಕಿ ನಿಮ್ಮ ಸೈನ್ಯ ಅಂತ ಅಂದು ಅರ್ಧಕ್ಕ ನಿಲ್ಲಿಸಿ ಒಳಗ ಹೋದಳು. ಎರಡೂ ಖರೇನ. ಪಲಾಲಿಯೊಳಗ ನಮ್ಮ ಸೈನಿಕರ ಸ್ಮಾರಕ ಐತಿ, ಅದು ಅಲ್ಲಿನ ಮಿಲಿಟರಿ ಜಾಗದಾಗ ಇರೋದು, ಹಂಗ ಸೀದಾ ಹೋಗಾಕ ಬರೂದಿಲ್ಲ. ಅಪ್ಪಾರಿಗೆ ತಮ್ಮ ಜೋಡಿ ಇದ್ದವರಿಗೆ ನಮಸ್ಕಾರ ಮಾಡೋದು ಇದ್ರ ಜಾಫ್ನಾದಾಗ ನಮ್ಮ ಕಾನ್ಸುಲೇಟ್ ಐತಿ, ಅವರಿಗೆ ಮೊದಲೇ ಒಂದು ಪತ್ರ ಬರೀರಿ.

ಸುಳ್ಯದವಳು:

ಅರಸೀಕೆರೆಯ ತಂಗಿಗೆ, ಎರಡು ದಿನದಿಂದ ಓದ್ತಾ ಇದ್ದೆ, ಬರೆಯುವುದಾ ಬೇಡವಾ ಅಂತ ಯೋಚಿಸಿ ಈಗ ಬರೀತಾ ಇದ್ದೇನೆ.

ನಮ್ಮ ಅಜ್ಜ ಅಜ್ಜಿ ಲಂಕೆಯ ಚಹಾ ತೋಟದಿಂದ ಬಂದವರು. 1964ರ ಸಿರಿಮಾವೊ ಶಾಸ್ತ್ರಿ ಒಪ್ಪಂದದಲ್ಲಿ ಭಾರತಕ್ಕೆ ಕಳಿಸಿದರಲ್ಲ, ಹಾಗೆ ಬಂದು ಸುಳ್ಯ ಪುತ್ತೂರು ಕಡೆಯ ರಬ್ಬರ್ ತೋಟದಲ್ಲಿ ಟ್ಯಾಪಿಂಗ್ ಮಾಡಿದವರು. ನಾನು ಹುಟ್ಟಿದ್ದು ಇಲ್ಲಿಯೇ, ಕನ್ನಡ ಶಾಲೆಯಲ್ಲಿ ಕಲಿತದ್ದು. ಆದರೆ ಅಜ್ಜಿಯ ತಂಗಿಯ ಮಗಳು, ನಮಗೆ ಚಿಕ್ಕಮ್ಮ, ಅವರ ಮನೆಯವರು ಅಲ್ಲಿಯೇ ಉಳಿದರು. 1977ರ ಗಲಭೆಯಲ್ಲಿ ತೋಟದ ಲೈನ್ ಮನೆಗೆ ಬೆಂಕಿ ಬಿದ್ದ ಮೇಲೆ ಎಷ್ಟೋ ಜನ ಉತ್ತರಕ್ಕೆ ಹೋದರು, ಅಲ್ಲಿ ನಮ್ಮ ಭಾಷೆಯವರು, ಸೇಫ್ ಅಂತ. ಚಿಕ್ಕಮ್ಮನವರೂ ಕಿಲಿನೊಚ್ಚಿ ಹತ್ತಿರ ಕಾಡು ಕಡಿದು ಮನೆ ಕಟ್ಟಿದ್ದು. ಸೇಫ್ ಅಂತ ಹೋದ ಜಾಗಕ್ಕೇ ಕೊನೆಗೆ ಎಲ್ಲ ಬಂದು ಬಿದ್ದದ್ದು.

2009ರ ಜನವರಿಯಲ್ಲಿ ಅವರು ಮನೆ ಬಿಟ್ಟು ಪೂರ್ವಕ್ಕೆ ಹೊರಟರು. ಧರ್ಮಪುರಂ, ವಿಸುವಮಡು, ಪುದುಕ್ಕುಡಿಯಿರುಪ್ಪು, ಮುಳ್ಳಿವಾಯ್ಕಾಲ್. ಪ್ರತಿ ಸಲವೂ ಹೊಸ ಜಾಗದಲ್ಲಿ ಮೊದಲು ಮಾಡುವ ಕೆಲಸ ಗುಂಡಿ ತೋಡುವುದು. ಗುಂಡಿಯ ಸುತ್ತ ಮರಳಿನ ಚೀಲ ಬೇಕು, ಚೀಲ ಎಲ್ಲಿಂದ? ಸೀರೆ ಹರಿದು ಹೊಲಿದು ಚೀಲ ಮಾಡುವುದು. ಚಿಕ್ಕಮ್ಮ ನನಗೆ ಹೇಳಿದ್ದು, ಮೊದಲು ಹಳೆಯ ನೂಲಿನ ಸೀರೆ ಹೊಲಿದರಂತೆ, ಆಮೇಲೆ ಒಳ್ಳೆಯದು, ಕೊನೆಗೆ ಮದುವೆಯ ಕೂರೈ ಸೀರೆ. ರೇಷ್ಮೆ ಚೀಲದಲ್ಲಿ ಮರಳು ನಿಲ್ಲುವುದಿಲ್ಲ, ಹೊಲಿಗೆಯಲ್ಲಿ ಸೋರುತ್ತದೆ, ಅದಕ್ಕೆ ಎರಡು ಸುತ್ತು ಹೊಲಿದೆ ಅಂದರು. ಜರಿ ಅಂಚು ಹೊರಗೆ ಬಂದಿತ್ತಂತೆ. ಇದನ್ನು ಹೇಳುವಾಗ ಅವರು ಅಳಲಿಲ್ಲ, ಹೊಲಿಗೆಯ ವಿಷಯ ಹೇಳುವ ಹಾಗೆಯೇ ಹೇಳಿದ್ದು.

ಮೇ ತಿಂಗಳಲ್ಲಿ ಯುದ್ಧ ಮುಗಿಯಿತು. ಹೊರಗೆ ಬಂದವರನ್ನು ವವುನಿಯಾ ಹತ್ತಿರ ಮೆನಿಕ್ ಫಾರ್ಮ್ ಅಂತ ಮುಳ್ಳುತಂತಿಯ ಕ್ಯಾಂಪಿನಲ್ಲಿ ಇಟ್ಟರು, ಹೆಚ್ಚುಕಡಿಮೆ ಮೂರು ಲಕ್ಷ ಜನ ಅಂಥ ಕ್ಯಾಂಪುಗಳಲ್ಲಿ. ಅದು ಪೂರ್ತಿ ಮುಚ್ಚಿದ್ದು 2012ರಲ್ಲಿ. ಮುಳ್ಳಿವಾಯ್ಕಾಲಿನಿಂದ ಸೈನ್ಯದ ಕಡೆ ದಾಟಿ ಬರುವಾಗ ಚಿಕ್ಕಮ್ಮನ ದೊಡ್ಡ ಮಗನನ್ನು ವಿಚಾರಣೆಗೆ ಅಂತ ಬಸ್ ಹತ್ತಿಸಿದರು. ಚಿಕ್ಕಮ್ಮನ ಕಣ್ಣೆದುರೇ. ಕಿಟಕಿಯಿಂದ ಕೈ ಬೀಸಿದ. ಅಷ್ಟೇ. ಇವತ್ತಿನವರೆಗೆ ಎಲ್ಲಿ ಅಂತ ಯಾರೂ ಹೇಳಿಲ್ಲ. 2017ರ ಫೆಬ್ರವರಿಯಲ್ಲಿ ಕಿಲಿನೊಚ್ಚಿಯಲ್ಲಿ ಇಂಥ ತಾಯಂದಿರು ರಸ್ತೆ ಬದಿಯಲ್ಲಿ ಧರಣಿ ಕೂತರು, ಮಕ್ಕಳ ಫೋಟೊ ಹಿಡಿದುಕೊಂಡು, ಆಮೇಲೆ ಬೇರೆ ಊರುಗಳಲ್ಲಿಯೂ. ನಾನು 2018ರಲ್ಲಿ ಹೋದಾಗ ಚಿಕ್ಕಮ್ಮ ಬೆಳಿಗ್ಗೆ ಅಡುಗೆ ಮುಗಿಸಿ ಟಿಫಿನ್ ಕಟ್ಟಿಕೊಂಡು ಬಸ್ಸಿನಲ್ಲಿ ಅಲ್ಲಿಗೆ ಹೋಗುವುದು, ಸಂಜೆ ಬಸ್ಸಿನಲ್ಲಿ ವಾಪಸ್. ಕಂಡಕ್ಟರ್ ಅವರ ಹತ್ತಿರ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ.

ಅದಕ್ಕೆ ರಸ್ತೆ ಚೆನ್ನಾಗಿದೆ, ರೈಲು ಬಂತು, ಎಲ್ಲ ಸರಿಯಾಯಿತು ಅಂತ ಯಾರಾದರೂ ಹೇಳಿದರೆ ನನಗೆ ಹೊಟ್ಟೆಯಲ್ಲಿ ಹೇಗೋ ಆಗುತ್ತದೆ. ಚಿಕ್ಕಮ್ಮನ ಈಗಿನ ಮನೆ ಭಾರತ ಸರ್ಕಾರದ 50,000 ಮನೆಗಳ ಯೋಜನೆಯಲ್ಲಿ ಕಟ್ಟಿದ್ದು, ಗೋಡೆ ಗಟ್ಟಿ ಉಂಟು, ಮಳೆ ಸೋರುವುದಿಲ್ಲ, ಅದು ದೊಡ್ಡ ಉಪಕಾರ, ಅವರೇ ಹೇಳುತ್ತಾರೆ. ಆದರೆ ಹಟ್ಟಿಯ ಹಗ್ಗದಲ್ಲಿ ಮಗನ ಅಂಗಿ ಈಗಲೂ ವಾರಕ್ಕೊಮ್ಮೆ ಒಗೆದು ಹಾಕುತ್ತಾರೆ.

ನಿಮ್ಮ ತಂದೆಯ ಬಗ್ಗೆ. ನೇರವಾಗಿ ಬರೆಯುತ್ತೇನೆ, ತಪ್ಪು ತಿಳಿಯಬೇಡಿ. 1987ರ ಅಕ್ಟೋಬರ್ 21, 22, ದೀಪಾವಳಿಯ ಹೊತ್ತು, ಜಾಫ್ನಾ ಆಸ್ಪತ್ರೆಯೊಳಗೆ ನಮ್ಮ ಸೈನ್ಯ ನುಗ್ಗಿ ಡಾಕ್ಟರು, ನರ್ಸು, ರೋಗಿಗಳು ಅಂತ 60ಕ್ಕೂ ಹೆಚ್ಚು ಜನ ಸತ್ತರು. ಪ್ರತಿ ವರ್ಷ ಅಲ್ಲಿ ದೀಪ ಹಚ್ಚುತ್ತಾರೆ. ನಮ್ಮ ಕಡೆಯೂ ಆ ಮೂರು ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತರು, ಅವರೂ ಯಾರದ್ದೋ ಮಕ್ಕಳೇ. ಉರುಂಪಿರಾಯಿಯಲ್ಲಿಯೂ ಆ ತಿಂಗಳು ಜನ ಸತ್ತಿದ್ದಾರೆ. ನಿಮ್ಮ ತಂದೆ ಆ ಬಾವಿಯ ಮನೆಗೆ ಹೋಗಿ ನಿಂತರೆ ಆ ಮನೆಯವರಿಗೆ ಯಾವುದು ನೆನಪಾಗುತ್ತದೆ ಅಂತ ನಮಗೆ ಗೊತ್ತಿಲ್ಲ. ಅಜ್ಜಿ ಈಗ ಇರಲಿಕ್ಕಿಲ್ಲ. ಮಕ್ಕಳು ಕೆನಡಾದಲ್ಲೋ ಲಂಡನ್ನಿನಲ್ಲೋ ಇರಬಹುದು, ಜಾಫ್ನಾದಲ್ಲಿ ಬೀಗ ಹಾಕಿದ ಮನೆ ಎಷ್ಟೋ. ತೀರಾ ನೋಡಲೇಬೇಕು ಅಂತಿದ್ದರೆ ಸೀದಾ ಗೇಟ್ ತಟ್ಟಬೇಡಿ. ಪ್ರತಿ ಊರಿಗೆ ಗ್ರಾಮ ಸೇವಕರ್ ಅಂತ ಇರುತ್ತಾರೆ, ನಮ್ಮ ವಿಲೇಜ್ ಅಕೌಂಟೆಂಟ್ ಹಾಗೆ. ಅವರಲ್ಲಿ ವಿಷಯ ಹೇಳಿ, ಅವರು ಆ ಮನೆಯವರನ್ನು ಕೇಳಲಿ, ಬೇಡ ಅಂದರೆ ಅಲ್ಲಿಗೇ ಬಿಡಿ. ಬರಲಿ ಅಂದರೆ ಹೋಗಿ. ಬರುವುದಾ ಬೇಡವಾ ಅಂತ ಹೇಳುವ ಹಕ್ಕು ಅವರಿಗೆ ಇರಬೇಕು.

ಮತ್ತೆ ಬಸ್ಸಿನಲ್ಲಿ ಯಾರ ಹತ್ತಿರವೂ ನೀವು ಯಾವ ಕಡೆ ಇದ್ದಿರಿ, ಹುಲಿಗಳು ಹೇಗಿದ್ದರು ಅಂತ ಕೇಳಬೇಡಿ. ಪಕ್ಕದಲ್ಲಿ ಕೂತವರ ಮನೆಯಿಂದ ಒಬ್ಬರನ್ನು ಹುಲಿಗಳು ಬಲವಂತವಾಗಿ ಎಳೆದುಕೊಂಡು ಹೋಗಿರಬಹುದು, ಇನ್ನೊಬ್ಬರನ್ನು ಸೈನ್ಯ ಕೊಂದಿರಬಹುದು. ಎರಡೂ ಒಂದೇ ಮನೆಯಲ್ಲಿ ಆದದ್ದು ಉಂಟು.

ಕಿಟಕಿ ಸೀಟು:

ಅಕ್ಕಾ, ನೀವು ಬರೆದಿದ್ದು ಓದಿ ನಾನು ಬರೆದಿದ್ದನ್ನ ಮತ್ತೆ ಓದ್ಕೊಂಡೆ. ಕಿಲಿನೊಚ್ಚೀಲಿ ರಸ್ತೆ ಪಕ್ಕ ಒಂದು ಶೆಡ್ಡು, ಒಳಗೆ ಫೋಟೊಗಳು ನೇತುಹಾಕಿದ್ದು ನಾನೂ ಬಸ್ಸಿಂದ ನೋಡಿದ್ದೆ, ಯಾವುದೋ ಎಲೆಕ್ಷನ್ ಪೆಂಡಾಲು ಅನ್ಕೊಂಡು ಮುಂದೆ ಹೋದೆ. ಗೊತ್ತಿದ್ರೆ ಇಳೀತಿದ್ದೆ. ಅಪ್ಪನ ವಿಷ್ಯ "ಹೇಳ್ಬೇಡಿ" ಅಂತ ಬರೆದಿದ್ದು ವಾಪಸ್ ತಗೊಳ್ತೀನಿ ಮೇಡಂ, ಹುಬ್ಬಳ್ಳಿ ಸಾರ್ ಹೇಳಿದ್ದೇ ಸರಿ.

ಅರಸೀಕೆರೆ ಹುಡುಗಿ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಎಲ್ಲವನ್ನೂ ನಿನ್ನೆ ಸಂಜೆ ಅಪ್ಪಂಗೆ ಓದಿ ಹೇಳ್ದೆ. ಅಕ್ಕ ಬರೆದಿದ್ದನ್ನ ಓದ್ಬೇಕಾ ಅಂತ ಹಿಂದೆಮುಂದೆ ನೋಡ್ದೆ, ಆಸ್ಪತ್ರೆ ವಿಷ್ಯ ಇತ್ತಲ್ಲ, ಆದ್ರೂ ಬಿಡ್ದೆ ಓದ್ದೆ. ಮದುವೆ ಸೀರೆ ಬಂದಾಗ ಅಪ್ಪ ಎದ್ದು ಜಗಲಿಗೆ ಹೋಗಿ ನಿಂತ್ಕೊಂಡ್ರು. ಸುಮಾರು ಹೊತ್ತು ಬಿಟ್ಟು ಒಳಗೆ ಬಂದು ಪೂರ್ತಿ ಓದು ಅಂದ್ರು.

ಕೇಳಿದ್ಮೇಲೆ ಹೇಳಿದ್ದು ಇಷ್ಟು, ನಾನು ಆಸ್ಪತ್ರೆ ಕಡೆ ಇರ್ಲಿಲ್ಲ, ಆದ್ರೆ ವೈರ್‌ಲೆಸ್ಸಲ್ಲಿ ಕೇಳ್ತಿದ್ದೆ. ಆಮೇಲೆ, ಆ ಮನೆ ಹುಡುಕೋದು ಬೇಡ, ಗ್ರಾಮ ಸೇವಕರನ್ನೂ ಕೇಳೋದು ಬೇಡ, ನಾವು ಕೇಳಿದ್ರೆ ಅವ್ರಿಗೆ ಇಲ್ಲ ಅನ್ನೋದು ಕಷ್ಟ ಆಗತ್ತೆ, ಜಾಫ್ನಾದಿಂದ ಪಲಾಲಿ ರಸ್ತೇಲಿ ಲೋಕಲ್ ಬಸ್ ಹೋಗತ್ತಲ್ಲ, ಅದ್ರಲ್ಲಿ ಉರುಂಪಿರಾಯ್ ದಾಟ್ಕೊಂಡು ಹೋಗಿ ಅದೇ ಬಸ್ಸಲ್ಲಿ ವಾಪಸ್ ಬರೋಣ, ಇಳಿಯೋದು ಬೇಡ ಅಂದ್ರು. ಸ್ಮಾರಕಕ್ಕೆ ಮಾತ್ರ ಹೋಗ್ಬೇಕಂತೆ, ಅವರ ಬ್ಯಾಚಿನ ಇಬ್ರು ಆಗ ಅಲ್ಲೇ ತೀರ್ಕೊಂಡಿದ್ದು. ಕಾನ್ಸುಲೇಟಿಗೆ ಪತ್ರ ಇವತ್ತೇ ಬರೀತೀನಿ.

ಅಕ್ಟೋಬರಲ್ಲಿ ಹೋಗಲ್ಲ, ಆ ತಿಂಗಳು ಬೇಡ ಅಂದ್ರು ಅಪ್ಪ. ಹೇಗೂ ಆಗ ಅಲ್ಲಿ ಮಳೆನೂ ಶುರುವಾಗತ್ತಂತೆ. ಫೆಬ್ರವರಿ ಅಂತ ಇಟ್ಕೊಂಡಿದೀವಿ. ಬಸ್ಸಲ್ಲಿ ಯಾವ ಕಡೆ ಕೂರಿಸ್ಲಿ ಅವ್ರನ್ನ? ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಬಿಸಿಲು ಆಗಲ್ಲ.

ಹುಬ್ಬಳ್ಳಿಯಂವ:

ಎಡಗಡೆ ಕೂಡಸ್ರಿ ತಂಗಿ. ಬಸ್ಸು ಉತ್ತರಕ್ಕ ಹೋಗತೈತಿ, ಮುಂಜಾನಿ ಬಿಸಲು ಬಲಗಡೆ ಬೀಳತೈತಿ. ಕಪ್ಪು ಚಾಳೀಸು ಇರ್ಲಿ, ಆನೆಯಿರವಿನ್ಯಾಗ ನೀರಿನ ಮ್ಯಾಲಿಂದ ಝಳಾ ಹೊಡೀತೈತಿ.

ಸುಳ್ಯದವಳು:

ತಂಗಿ, ನಿನ್ನೆ ರಾತ್ರಿ ಚಿಕ್ಕಮ್ಮನಿಗೆ ವಾಟ್ಸಪ್ಪಿನಲ್ಲಿ ಮಾತಾಡಿದೆ. ನಿಮ್ಮ ತಂದೆ ಅವತ್ತು ಸೈನ್ಯದಲ್ಲಿ ಬಂದವರು ಅಂತ ಮುಚ್ಚಿಡದೆ ಹೇಳಿದೆ, ಬಾವಿಯ ಅಜ್ಜಿಯ ವಿಷಯವೂ ಹೇಳಿದೆ. ತುಂಬಾ ಹೊತ್ತು ಏನೂ ಮಾತಾಡಲಿಲ್ಲ, ಲೈನ್ ಕಟ್ಟಾಯಿತು ಅಂತಲೇ ಗ್ರಹಿಸಿದೆ. ಆಮೇಲೆ ಕೇಳಿದರು, ಬಸ್ಸು ಕಿಲಿನೊಚ್ಚಿಗೆ ಎಷ್ಟು ಗಂಟೆಗೆ, ಅವರಿಗೆ ಸಕ್ಕರೆ ಕಾಯಿಲೆ ಉಂಟಾ, ಚಹಾಕ್ಕೆ ಸಕ್ಕರೆ ಹಾಕಬಹುದಾ ಅಂತ. ಬಸ್ ಸ್ಟ್ಯಾಂಡಿನಿಂದ ಮನೆ ಹತ್ತು ನಿಮಿಷದ ದಾರಿ, ಸಣ್ಣ ಮಗ ಆಟೋ ತರುತ್ತಾನಂತೆ. ಹೋಗುವುದು ಬಿಡುವುದು ನಿಮಗೆ ಬಿಟ್ಟದ್ದು, ಒತ್ತಾಯ ಇಲ್ಲ.

ಅರಸೀಕೆರೆ ಹುಡುಗಿ:

ಅಕ್ಕ, ಅಪ್ಪಂಗೆ ಸಕ್ಕರೆ ಇದೆ, ಹತ್ತು ವರ್ಷ ಆಯ್ತು. ಸಕ್ಕರೆ ಹಾಕ್ದೆ, ಹಾಲೂ ಇಲ್ದೆ ಕುಡೀತಾರೆ ಅಂತ ಹೇಳಿ. ಬೆಳಿಗ್ಗೆ ಏಳರ ಬಸ್ಸಿಗೆ ವವುನಿಯಾ ಬಿಟ್ರೆ ಎಷ್ಟೊತ್ತಿಗೆ ಕಿಲಿನೊಚ್ಚಿ ಮುಟ್ಟಬಹುದು ಅಂತ ಅವರ ಮಗನ್ನ ಕೇಳಿ ತಿಳಿಸ್ತೀರಾ? ಚಿಕ್ಕಮ್ಮಂಗೆ ಒಂದು ಸೀರೆ ತರ್ಬಹುದಾ ಅಂತ ಅಪ್ಪ ಕೇಳ್ತಿದಾರೆ. ಸರಿ ಅನ್ನಿಸದಿದ್ರೆ ಬೇಡ ಅಂತ ನೇರವಾಗೇ ಹೇಳಿ.